ಓದುಗರ ಪ್ರಶ್ನೆ: ಜಪಾನಿನ ಅಡುಗೆಮನೆಗೂ ಊರೂರಿಗೂ ಮಕ್ಕಳೊಂದಿಗೆ

ಜಪಾನಿನ ಮನೆಯಡುಗೆ ಮತ್ತು ಕುಟುಂಬ ಪ್ರವಾಸದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಹೆಚ್ಚಿನವು ಒಂದೇ ಆತಂಕವನ್ನು ಬೇರೆ ಬೇರೆ ಮಾತುಗಳಲ್ಲಿ ಹೇಳುತ್ತವೆಯಾದ್ದರಿಂದ ಮೊದಲ ಉತ್ತರ ಸ್ವಲ್ಪ ದೀರ್ಘವಾಗಿದೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಇಬ್ಬರು ಮಕ್ಕಳೊಂದಿಗೆ ಹತ್ತು ದಿನ ಜಪಾನಿಗೆ ಹೋಗುತ್ತಿದ್ದೇವೆ. ನಾವು ಸಸ್ಯಾಹಾರಿಗಳು, ಮೊಟ್ಟೆಗೆ ಅಭ್ಯಂತರವಿಲ್ಲ. ಹೋಟೆಲುಗಳಲ್ಲಿ ‘ಮಾಂಸ ಬೇಡ’ ಎಂದು ಜಪಾನಿ ಭಾಷೆಯಲ್ಲಿ ಹೇಳಲು ಕಲಿತರೆ ಸಾಕೇ? (ಶಿವಮೊಗ್ಗದ ಓದುಗರೊಬ್ಬರು)

ಸಾಲದು. ಜಪಾನಿನಲ್ಲಿ ‘ನಿಕು’ ಎಂದರೆ ಮಾಂಸ. ಮೀನು ಆ ಪದದೊಳಗೆ ಸೇರುವುದಿಲ್ಲ. ಹಾಗಾಗಿ ಮಾಂಸ ಬೇಡವೆಂದ ಅತಿಥಿಗೆ ಮೀನನ್ನು ತಂದಿಡುವುದು ಅಲ್ಲಿ ಅಸಡ್ಡೆಯಲ್ಲ, ಪ್ರೀತಿಯ ಉಪಚಾರವೇ. ‘ಸಕಾನಾ’, ಅಂದರೆ ಮೀನು, ಬೇಡವೆಂದೂ ಹೇಳಿದಿರೆನ್ನಿ. ಆಗ ಮೀನಿನ ತುಂಡು ತಟ್ಟೆಯಿಂದ ಹೋಗುತ್ತದೆ, ಮೀನಿನ ರಸ ಉಳಿಯುತ್ತದೆ. ಆ ರಸದ ಹೆಸರು ದಾಶಿ. ಕೊಂಬು ಎಂಬ ಕಡಲಕಳೆಯನ್ನೂ, ಕತ್ಸುಒ ಎಂಬ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಕೊರಡಿನಂತೆ ಒಣಗಿಸಿ ತೆಳ್ಳಗೆ ಹೆರೆದ ಚಕ್ಕೆಗಳನ್ನೂ ನೀರಿನಲ್ಲಿಟ್ಟು ಇಳಿಸಿದ ತಿಳಿಯೇ ಸಾಮಾನ್ಯವಾದ ದಾಶಿ. ನಮ್ಮ ಸಾರಿಗೆ ಬೇಳೆಯ ಕಟ್ಟು ಹೇಗೋ ಅವರ ಅಡುಗೆಗೆ ದಾಶಿ ಹಾಗೆ. ಸೋಯಾ ಕಾಳನ್ನು ಹುಳಿಸಿ ಮಾಡಿದ ಮಿಸೋ ಎಂಬ ಹಿಟ್ಟಿನ ಸೂಪು, ಉದೋನ್ ಶಾವಿಗೆಯ ತಿಳಿ, ಸೋಬಾ ಎಂಬ ಬಕ್‌ವೀಟ್ ಶಾವಿಗೆಯನ್ನು ಅದ್ದಿಕೊಳ್ಳುವ ರಸ, ಬೇಯಿಸಿದ ಕುಂಬಳಕಾಯಿ, ಸುರುಳಿ ಸುತ್ತಿದ ಸಿಹಿ ಆಮ್ಲೆಟ್, ಒಕೊನೊಮಿಯಾಕಿ ಎಂಬ ಎಲೆಕೋಸಿನ ದಪ್ಪ ದೋಸೆಯ ಹಿಟ್ಟು, ಇವೆಲ್ಲದರಲ್ಲೂ ಅದು ಇರುತ್ತದೆ. ಅಡುಗೆಯವರಿಗೆ ಅದು ನೀರು ಉಪ್ಪಿನಷ್ಟು ಸಹಜವಾದ್ದರಿಂದ, ನಾವಾಗಿ ಕೇಳದೆ ಅವರಾಗಿ ಹೇಳುವುದಿಲ್ಲ.

ಆದ್ದರಿಂದ ನೀವು ಕಲಿಯಬೇಕಾದ ವಾಕ್ಯ ಇದು: ‘ಸಕಾನಾ ನೊ ದಾಶಿ ವಾ ಹಾಯಿತ್ತೆ ಇಮಾಸು ಕಾ?’, ಅಂದರೆ ‘ಇದರಲ್ಲಿ ಮೀನಿನ ದಾಶಿ ಇದೆಯೇ?’ ಇದನ್ನು ಜಪಾನಿ ಲಿಪಿಯಲ್ಲಿ ಚೀಟಿಯ ಮೇಲೆ ಬರೆಸಿಟ್ಟುಕೊಂಡರೆ ಇನ್ನೂ ಉತ್ತಮ. ಚೀಟಿಯನ್ನು ಅಡುಗೆಮನೆಯೊಳಗೆ ಕೊಂಡೊಯ್ದು ಕೇಳಿಕೊಂಡು ಬರುವಷ್ಟು ಸೌಜನ್ಯವನ್ನು ನಾನು ಅಲ್ಲಿ ಮತ್ತೆ ಮತ್ತೆ ಕಂಡಿದ್ದೇನೆ. ಸೌತೆಕಾಯಿಯ ಸುಶಿ ಸುರುಳಿಯಾದ ಕಪ್ಪಾಮಾಕಿ, ಉಪ್ಪು ಹಾಕಿ ಬೇಯಿಸಿದ ಎಳೆ ಸೋಯಾ ಕಾಳಾದ ಎದಾಮಾಮೆ, ಸೋಯಾ ಹಾಲಿನ ಪನೀರಿನಂಥ ತೋಫು (ತಣ್ಣನೆಯದು, ಮೀನಿನ ಚಕ್ಕೆ ಉದುರಿಸದ್ದು), ಬರಿಯ ಅನ್ನ, ಇವು ಮಕ್ಕಳೂ ತಿನ್ನಬಹುದಾದ ಸುಲಭದ ಆಯ್ಕೆಗಳು. ತರಕಾರಿ ತೆಂಪುರಾವನ್ನು, ಅಂದರೆ ಹಿಟ್ಟಿನಲ್ಲಿ ಅದ್ದಿ ಕರಿದ ತರಕಾರಿಯನ್ನು, ಅದ್ದುವ ರಸದ ಬದಲು ಉಪ್ಪಿನೊಂದಿಗೆ ಕೇಳಿ. ಆದರೆ ಸೀಗಡಿ ಕರಿದ ಎಣ್ಣೆಯಲ್ಲೇ ಅದನ್ನೂ ಕರಿಯುವುದು ವಾಡಿಕೆ ಎಂಬುದನ್ನು ತಿಳಿದು ನಿರ್ಧರಿಸಿ.

ಬೀದಿಗೊಂದರಂತೆ ಇರುವ ದಿನಪೂರ್ತಿ ಅಂಗಡಿಗಳಲ್ಲಿ ಸಿಗುವ ಒನಿಗಿರಿ, ಅಂದರೆ ಕಡಲಕಳೆ ಸುತ್ತಿದ ಅನ್ನದ ಉಂಡೆ, ಹಸಿದ ಮಗುವಿಗೆ ದೊಡ್ಡ ಆಸರೆ. ಉಪ್ಪಿನ ಉಂಡೆಯೂ ಉಮೆಬೋಶಿ ಎಂಬ ಹುಳಿ ಉಪ್ಪಿನಕಾಯಿ ತುಂಬಿದ ಉಂಡೆಯೂ ಸಾಮಾನ್ಯವಾಗಿ ಸಿಗುತ್ತವೆ. ಉಮೆಬೋಶಿಯಲ್ಲೂ ಕೆಲವೊಮ್ಮೆ ಕತ್ಸುಒ ಬೆರೆಸಿರುತ್ತಾರೆ. ಫೋನಿನ ಅನುವಾದದ ಆ್ಯಪನ್ನು ಪೊಟ್ಟಣದ ಚೀಟಿಯ ಮೇಲೆ ಹಿಡಿದು ಓದುವುದು ಅಗತ್ಯ. ಅಲರ್ಜಿಯುಂಟುಮಾಡುವ ಪದಾರ್ಥಗಳೆಂದು ಪೊಟ್ಟಣದ ಮೇಲೆ ಕಡ್ಡಾಯವಾಗಿ ತೋರಿಸುವವುಗಳಲ್ಲಿ ಮೊಟ್ಟೆ, ಹಾಲು, ಗೋಧಿ, ಸೋಬಾ (ಬಕ್‌ವೀಟ್), ನೆಲಗಡಲೆ, ಸೀಗಡಿ, ಏಡಿ, ಅಕ್ರೋಟು ಇವೆ, ಆದರೆ ಕತ್ಸುಒ ಇಲ್ಲ. ಹೀಗಾಗಿ ಅಲರ್ಜಿಯ ಚೌಕವನ್ನಷ್ಟೇ ನೋಡಿ ನೆಮ್ಮದಿಯಾಗದೆ ಪದಾರ್ಥಗಳ ಪೂರ್ತಿ ಪಟ್ಟಿಯನ್ನು ಓದಿ.

ಪ್ರಶ್ನೆ: ಅಂಗಡಿಯಿಂದ ಮಿಸೋ ತಂದು ಬಿಸಿನೀರಿನಲ್ಲಿ ಕದಡಿ ತೋಫು ಹಾಕಿ ಕುದಿಸಿದೆ. ಉಪ್ಪುಪ್ಪಾಗಿತ್ತೇ ಹೊರತು ರುಚಿಯಿರಲಿಲ್ಲ. ಸಸ್ಯಾಹಾರಿಗಳು ಮನೆಯಲ್ಲಿ ಒಳ್ಳೆಯ ಮಿಸೋ ಸೂಪು ಮಾಡಲಾಗುವುದೇ ಇಲ್ಲವೇ? (ಮೈಸೂರಿನ ಓದುಗರೊಬ್ಬರು)

ಖಂಡಿತ ಆಗುತ್ತದೆ. ನೀವು ಬಿಟ್ಟದ್ದು ದಾಶಿಯನ್ನು, ಹೆಚ್ಚು ಮಾಡಿದ್ದು ಕುದಿಯನ್ನು. ನಾಲ್ವರಿಗೆ ಸುಮಾರು 800 ಮಿಲಿಲೀಟರ್ ನೀರಿಗೆ 10 ಗ್ರಾಂ ಕೊಂಬು ಮತ್ತು ಮೂರು ನಾಲ್ಕು ಒಣ ಶಿಯಿತಾಕೆ ಅಣಬೆ ಹಾಕಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಡಿ. ಕೊಂಬಿನ ಮೇಲಿನ ಬಿಳಿ ಪುಡಿ ಬೂಷ್ಟಲ್ಲ. ಅದರಲ್ಲೂ ರುಚಿ ಇರುವುದರಿಂದ ತೊಳೆಯದೆ ಬಟ್ಟೆಯಲ್ಲಿ ಮೆಲ್ಲಗೆ ಒರೆಸಿದರೆ ಸಾಕು. ಬೆಳಿಗ್ಗೆ ಸಣ್ಣ ಉರಿಯಲ್ಲಿ ಬಿಸಿ ಮಾಡಿ, ಕುದಿ ಬರುವ ಮೊದಲೇ ಕೊಂಬನ್ನು ತೆಗೆದುಬಿಡಿ. ಕುದಿದರೆ ಲೋಳೆಯೂ ಕಹಿಯೂ ಬಿಟ್ಟುಕೊಳ್ಳುತ್ತದೆ. ಅಣಬೆಯನ್ನು ಹೆಚ್ಚಿ ಅದೇ ಸೂಪಿಗೆ ಹಾಕಿ, ತೋಫು ಬಿಸಿಯಾದ ಮೇಲೆ ಒಲೆ ಆರಿಸಿ, ಮೂರರಿಂದ ನಾಲ್ಕು ದೊಡ್ಡ ಚಮಚ ಮಿಸೋವನ್ನು ಸೌಟಿನಲ್ಲಿ ಸ್ವಲ್ಪ ತಿಳಿಯೊಂದಿಗೆ ಕದಡಿ ಬೆರೆಸಿ. ಮಜ್ಜಿಗೆಹುಳಿಗೆ ಮೊಸರು ಹಾಕಿದ ಮೇಲೆ ಹೇಗೆ ಕುದಿಸುವುದಿಲ್ಲವೋ ಮಿಸೋ ಹಾಕಿದ ಮೇಲೂ ಹಾಗೆಯೇ ಕುದಿಸಬಾರದು. ಅದರ ಪರಿಮಳ ಕುದಿಯಲ್ಲಿ ಹಾರಿಹೋಗುತ್ತದೆ.

ಕೊಂಬು ಮತ್ತು ಅಣಬೆ ಎರಡನ್ನೂ ಹೇಳಿದ್ದಕ್ಕೆ ಕಾರಣವಿದೆ. ಟೋಕಿಯೊದ ಇಂಪೀರಿಯಲ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆದಾ 1908ರಲ್ಲಿ ಕೊಂಬಿನ ರುಚಿಯ ಮೂಲ ಗ್ಲುಟಮೇಟ್ ಎಂದು ಕಂಡುಹಿಡಿದು, ಆ ರುಚಿಗೆ ‘ಉಮಾಮಿ’ ಎಂದು ಹೆಸರಿಟ್ಟರು. ಶಿಯಿತಾಕೆಯಲ್ಲಿರುವುದು ಗ್ವಾನಿಲೇಟ್ ಎಂಬ ಬೇರೆ ಪದಾರ್ಥ. ಎರಡೂ ಕೂಡಿದಾಗ ರುಚಿ ಒಂದಕ್ಕೊಂದು ಸೇರಿದಷ್ಟೇ ಆಗದೆ ಹಲವು ಪಟ್ಟು ಹಿಗ್ಗುತ್ತದೆ. ಮೀನಿಲ್ಲದೆಯೂ ತಿಳಿ ತುಂಬಿಕೊಳ್ಳುವುದು ಈ ಜೋಡಿಯಿಂದ.

ಒಂದು ಎಚ್ಚರ: ದಾಶಿ ಬೆರೆಸಿಯೇ ಮಾರುವ ಮಿಸೋ ಪೊಟ್ಟಣಗಳೂ ಇವೆ; ಅವುಗಳಲ್ಲಿ ಬಹುಪಾಲಿನಲ್ಲಿ ಮೀನಿನ ಸಾರವಿರುತ್ತದೆ. ಸೋಯಾ, ಅಕ್ಕಿ ಅಥವಾ ಬಾರ್ಲಿ, ಉಪ್ಪು ಇಷ್ಟೇ ಇರುವುದನ್ನು ಆರಿಸಿ.

ಪ್ರಶ್ನೆ: ಪಾಕವಿಧಾನಗಳಲ್ಲೆಲ್ಲ ಮಿರಿನ್ ಎಂದಿರುತ್ತದೆ. ಅದು ಮದ್ಯವೇ? (ಉಡುಪಿಯ ಓದುಗರೊಬ್ಬರು)

ಹೌದು, ಅದು ಅಡುಗೆಗೆ ಬಳಸುವ ಸಿಹಿಯಾದ ಅಕ್ಕಿಯ ಮದ್ಯ. ನಿಜವಾದ ಮಿರಿನ್‌ನಲ್ಲಿ ಶೇಕಡ 14ರ ಆಸುಪಾಸು ಮದ್ಯಸಾರವಿದೆ. ಬೇಡವಾದವರು ಅದರ ಬದಲು ಸ್ವಲ್ಪ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಹಾಕಬಹುದು; ಹೊಳಪು ಕೊಂಚ ಕಡಿಮೆಯಾಗುತ್ತದೆ, ಅಷ್ಟೇ.

ಪ್ರಶ್ನೆ: ಮಗಳ ಊಟದ ಡಬ್ಬಿಗೆಂದು ಸೋನಾ ಮಸೂರಿ ಅನ್ನದಲ್ಲಿ ಒನಿಗಿರಿ ಮಾಡಿದೆ, ಉಂಡೆ ನಿಲ್ಲಲೇ ಇಲ್ಲ. (ಹುಬ್ಬಳ್ಳಿಯ ಓದುಗರೊಬ್ಬರು)

ತಪ್ಪು ನಿಮ್ಮ ಕೈಯದಲ್ಲ, ಅಕ್ಕಿಯದು. ಜಪಾನಿನ ಗುಂಡನೆಯ ಅಕ್ಕಿಯಲ್ಲಿ ಅಮೈಲೋಸ್ ಎಂಬ ಪಿಷ್ಟ ಕಡಿಮೆ. ಆದ್ದರಿಂದಲೇ ಅಗುಳು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಉದುರುದುರಾದ ಅನ್ನ ನಮಗೆ ಹೆಮ್ಮೆ, ಅವರಿಗೆ ಕೊರತೆ. ಗುಂಡಕ್ಕಿ ಸಿಕ್ಕರೆ ಮೂರು ನಾಲ್ಕು ನೀರಿನಲ್ಲಿ ತೊಳೆದು, ಅರ್ಧ ಗಂಟೆ ನೆನೆಸಿ, ಒಂದು ಲೋಟಕ್ಕೆ ಒಂದೂಕಾಲು ಲೋಟದೊಳಗೆ ನೀರಿಟ್ಟು, ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ ಹನ್ನೆರಡು ನಿಮಿಷ ಬೇಯಿಸಿ. ಒಲೆ ಆರಿಸಿ ಮತ್ತೆ ಹತ್ತು ನಿಮಿಷ ಮುಚ್ಚಳ ತೆಗೆಯಬೇಡಿ. ಬಿಸಿಯಿರುವಾಗಲೇ ಅಂಗೈಗೆ ನೀರು, ಉಪ್ಪು ಸವರಿಕೊಂಡು ಕಟ್ಟಿ. ತಣ್ಣಗಾದ ಅನ್ನ ಕೂಡಿಕೊಳ್ಳುವುದಿಲ್ಲ, ತೀರ ಅದುಮಿದರೆ ಗಟ್ಟಿಯಾಗುತ್ತದೆ. ಉಮೆಬೋಶಿ ಸಿಗದಿದ್ದರೆ ಹುರಿದ ಎಳ್ಳು ಸಾಕು. ಎಳ್ಳು ಅಲ್ಲಿಯ ಅಡುಗೆಮನೆಗೂ ನಮ್ಮಷ್ಟೇ ಆಪ್ತವಾದ ಕಾಳು.

ಪ್ರಶ್ನೆ: ನಾವು ಟೋಕಿಯೊದ ನಿಶಿ ಕಸಾಯಿಯಲ್ಲಿದ್ದೇವೆ. ಬೆಂಗಳೂರಿನಿಂದ ಬರುವ ಅಪ್ಪ ಅಮ್ಮನಿಗೆ ಎಪ್ಪತ್ತು ದಾಟಿದೆ. ಈರುಳ್ಳಿ, ಬೆಳ್ಳುಳ್ಳಿಯನ್ನೂ ತಿನ್ನುವುದಿಲ್ಲ. ಮಗನಿಗೆ ಆರು ವರ್ಷ. ಎಲ್ಲರಿಗೂ ಒಗ್ಗುವ ಊರು ಯಾವುದು?

ಕೋಯಾಸಾನ್‌ಗೆ ಕರೆದುಕೊಂಡು ಹೋಗಿ. ಕೂಕಾಯ್ ಎಂಬ ಬೌದ್ಧ ಗುರು 816ರಲ್ಲಿ ಚಕ್ರವರ್ತಿಯ ಅನುಮತಿ ಪಡೆದು ನೆಲೆಗೊಳಿಸಿದ ಈ ಬೆಟ್ಟದೂರಿನಲ್ಲಿ ಸುಮಾರು 50 ದೇಗುಲಗಳು ಯಾತ್ರಿಕರಿಗೆ ವಸತಿ ಕೊಡುತ್ತವೆ. ಅಲ್ಲಿ ಬಡಿಸುವುದು ಶೋಜಿನ್ ರ್ಯೋರಿ, ಅಂದರೆ ಸನ್ಯಾಸಿಗಳ ಅಡುಗೆ. ಮಾಂಸ, ಮೀನುಗಳ ಜೊತೆಗೆ ಈರುಳ್ಳಿ, ಬೆಳ್ಳುಳ್ಳಿಯಂಥ ಘಾಟಿನ ಗೆಡ್ಡೆಗಳೂ ಅದರಲ್ಲಿ ವರ್ಜ್ಯ. ದಾಶಿಯನ್ನು ಕೊಂಬು, ಅಣಬೆಗಳಿಂದಲೇ ಇಳಿಸುತ್ತಾರೆ. ಎಳ್ಳಿನ ಹಾಲಿಗೆ ಕುದ್ಜು ಬೇರಿನ ಹಿಟ್ಟು ಹಾಕಿ ಗೊಟಾಯಿಸಿ ಹೆಪ್ಪುಗಟ್ಟಿಸಿದ ಗೋಮಾದೋಫು ಅಲ್ಲಿಯ ಹೆಸರಾಂತ ತಿನಿಸು. ಕೊರೆಯುವ ಚಳಿಯಲ್ಲಿ ಹೆಪ್ಪುಗಟ್ಟಿಸಿ ಒಣಗಿಸುತ್ತಿದ್ದ ತೋಫುವಿಗೆ ಕೋಯಾದೋಫು ಎಂದು ಊರಿನ ಹೆಸರೇ ಬಂದಿದೆ. ಸ್ಪಂಜಿನಂತೆ ರಸ ಹೀರಿಕೊಂಡ ಅದನ್ನು ಮಕ್ಕಳು ಇಷ್ಟಪಡುತ್ತಾರೆ. ಪರದೇಶದಲ್ಲಿ ‘ಇದರಲ್ಲಿ ಏನಿದೆ’ ಎಂದು ಮತ್ತೆ ಮತ್ತೆ ಕೇಳದೆ ಹಿರಿಯರು ನೆಮ್ಮದಿಯಾಗಿ ಉಣ್ಣುವುದನ್ನು ನೋಡುವ ಸಂತೋಷ ಸಣ್ಣದಲ್ಲ.

ಒಸಾಕಾದ ನಂಬಾದಿಂದ ನಂಕಾಯ್ ರೈಲಿನಲ್ಲಿ ಗೋಕುರಾಕುಬಾಶಿಗೆ ಹೋಗಿ, ಅಲ್ಲಿಂದ ಕಡಿದಾದ ಏರನ್ನು ಕೇಬಲ್ ಕಾರಿನಲ್ಲಿ ಐದೇ ನಿಮಿಷದಲ್ಲಿ ಏರಬಹುದು. ಊಟವನ್ನು ಸಂಜೆ ಬೇಗನೆ ಬಡಿಸುವುದು ನಿಮ್ಮ ಮಗನಿಗೆ ಅನುಕೂಲ. ಹಿರಿಯರಿಗೆ ಕಷ್ಟವಾಗಬಹುದಾದದ್ದು ನೆಲದ ಮೇಲೆ ಕೂರುವುದು, ನೆಲದ ಹಾಸಿಗೆ, ಹಂಚಿಕೊಳ್ಳುವ ಸ್ನಾನದ ಮನೆ. ಕೋಣೆ ಕಾಯ್ದಿರಿಸುವಾಗಲೇ ಕುರ್ಚಿ, ಮಂಚಗಳ ಬಗ್ಗೆ ವಿಚಾರಿಸಿ. ಊರು ಸುಮಾರು 800 ಮೀಟರ್ ಎತ್ತರದಲ್ಲಿದೆ; ಏಪ್ರಿಲ್‌ನಲ್ಲೂ ಸ್ವೆಟರ್ ಬೇಕು.

ಪ್ರಶ್ನೆ: ಮಕ್ಕಳಿಗೆ ರೈಲಿನ ಟಿಕೆಟ್ ಹೇಗೆ? ದೊಡ್ಡ ಪೆಟ್ಟಿಗೆಗಳನ್ನು ಏನು ಮಾಡುವುದು? (ಬೆಳಗಾವಿಯ ಓದುಗರೊಬ್ಬರು)

ಜೆಆರ್ (ಜಪಾನ್ ರೈಲ್ವೇಸ್) ರೈಲುಗಳಲ್ಲಿ 6ರಿಂದ 11 ವರ್ಷದವರಿಗೆ ಅರ್ಧ ದರ. ಅದಕ್ಕಿಂತ ಚಿಕ್ಕವರು, ಪ್ರತ್ಯೇಕ ಆಸನ ಕಾಯ್ದಿರಿಸದಿದ್ದರೆ, ಒಬ್ಬ ದೊಡ್ಡವರೊಂದಿಗೆ ಇಬ್ಬರವರೆಗೆ ಉಚಿತ. ಟೋಕಿಯೊ-ಒಸಾಕಾ ನಡುವಿನ ಶಿಂಕಾನ್‌ಸೆನ್ ಎಂಬ ಅತಿವೇಗದ ರೈಲಿನಲ್ಲಿ ಉದ್ದ, ಅಗಲ, ಎತ್ತರ ಕೂಡಿ 160 ಸೆಂಟಿಮೀಟರ್ ಮೀರಿದ ಪೆಟ್ಟಿಗೆಗೆ ಜಾಗ ಕಾಯ್ದಿರಿಸಬೇಕು. ಅದಕ್ಕಿಂತ ‘ತಕ್ಯೂಬಿನ್’ ಸೇವೆಯಲ್ಲಿ ಪೆಟ್ಟಿಗೆಯನ್ನು ಹೋಟೆಲಿನಿಂದ ಹೋಟೆಲಿಗೆ ಕಳುಹಿಸಿ, ಒಂದು ದಿನದ ಬಟ್ಟೆಯೊಂದಿಗೆ ಮಕ್ಕಳ ಕೈಹಿಡಿದು ನಡೆಯುವುದು ಸುಖ. ಶಿಂಕಾನ್‌ಸೆನ್‌ನಲ್ಲಿ ಬುತ್ತಿ ಬಿಚ್ಚಿ ಉಣ್ಣಬಹುದು. ನಗರದೊಳಗಿನ ರೈಲುಗಳಲ್ಲಿ ಆ ವಾಡಿಕೆಯಿಲ್ಲ.

ಪ್ರಶ್ನೆ: ಜಪಾನಿನಿಂದ ಬಂದ ಸ್ನೇಹಿತರು ಕರಿ ರೂ ಅಚ್ಚು ಕೊಟ್ಟಿದ್ದಾರೆ. ಸಸ್ಯಾಹಾರಿಗಳು ಬಳಸಬಹುದೇ? (ತುಮಕೂರಿನ ಓದುಗರೊಬ್ಬರು)

ಕರಿ ರೂ ಎಂದರೆ ಹಿಟ್ಟನ್ನು ಕೊಬ್ಬಿನಲ್ಲಿ ಹುರಿದು ಮಸಾಲೆ ಬೆರೆಸಿ ಅಚ್ಚು ಹಾಕಿದ್ದು. ಬಹಳಷ್ಟು ಅಚ್ಚುಗಳಲ್ಲಿ ದನದ ಅಥವಾ ಹಂದಿಯ ಕೊಬ್ಬು ಇರುತ್ತದೆ. ಪಟ್ಟಿ ಓದದೆ ಬಳಸಬೇಡಿ. ಮೇಯ್ಜಿ ಚಕ್ರವರ್ತಿಯ ಕಾಲದಲ್ಲಿ (1868–1912) ಬ್ರಿಟಿಷರ ಮೂಲಕ ಜಪಾನಿಗೆ ಹೋದ ಕರಿ, ಹಿಟ್ಟು ಹುರಿದು ಗಟ್ಟಿ ಮಾಡಿದ ಗೊಜ್ಜಾಗಿ ಅಲ್ಲಿಯ ಮನೆಯಡುಗೆಯೇ ಆಗಿಬಿಟ್ಟಿತು. ಭಾರತೀಯ ರೀತಿಯ ಕರಿಯನ್ನು 1927ರಲ್ಲಿ ಟೋಕಿಯೊದ ಶಿಂಜುಕುವಿನ ನಾಕಾಮುರಾಯಾ ಬಡಿಸತೊಡಗಿದ್ದರ ಹಿಂದೆ, ಅಲ್ಲಿ ಆಶ್ರಯ ಪಡೆದಿದ್ದ ನಮ್ಮ ಕ್ರಾಂತಿಕಾರಿ ರಾಸ್‌ಬಿಹಾರಿ ಬೋಸ್ ಇದ್ದರು.

ಮನೆಯಲ್ಲೇ ಮಾಡುವುದು ಕಷ್ಟವಲ್ಲ. 30 ಗ್ರಾಂ ಬೆಣ್ಣೆಯಲ್ಲಿ ಅಷ್ಟೇ ಮೈದಾವನ್ನು ಸಣ್ಣ ಉರಿಯಲ್ಲಿ ಕಂದುಬಣ್ಣ ಬರುವವರೆಗೆ ಹುರಿದು, ಒಂದೂವರೆ ಚಮಚ ಖಾರ ಕಡಿಮೆಯಿರುವ ಕರಿ ಪುಡಿ ಬೆರೆಸಿ. ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್ಟನ್ನು 700 ಮಿಲಿಲೀಟರ್ ನೀರಿನಲ್ಲಿ ಬೇಯಿಸಿ, ಅರ್ಧ ಸೇಬನ್ನು ತುರಿದು ಹಾಕಿ, ಹುರಿದ ಮಿಶ್ರಣವನ್ನೂ ಒಂದು ಚಮಚ ಸೋಯಾ ಸಾಸನ್ನೂ ಸೇರಿಸಿ ಗಟ್ಟಿಯಾಗುವವರೆಗೆ ಕುದಿಸಿ. ತಟ್ಟೆಯ ಒಂದು ಬದಿಗೆ ಅನ್ನ, ಇನ್ನೊಂದು ಬದಿಗೆ ಕರಿ ಬಡಿಸಿ, ಮಕ್ಕಳ ಕೈಗೆ ಚಮಚ ಕೊಡಿ. ಜಪಾನಿನ ಮನೆಗಳಲ್ಲೂ ಇದಕ್ಕೆ ಕಡ್ಡಿಗಳನ್ನು ಬಳಸುವುದಿಲ್ಲ.