ಕೆರೆ ಮೀನಿನ ಪಿತ್ತ ಪರೀಕ್ಷೆಗೆ ದೊಡ್ಡ ಮಷೀನೇ ಬೇಕಾ?

ಬೆಳ್ಳಂದೂರು ಕೆರೆ ಮೀನಿನ ಪಿತ್ತದಲ್ಲಿ ಪಿಎಎಚ್ (ಎಣ್ಣೆ, ಹೊಗೆಮಸಿಯಲ್ಲಿರುವ ಕೊಳಕು ರಾಸಾಯನಿಕಗಳ ಗುಂಪು) ನೋಡಬೇಕು, ಕಾಲೇಜಿನಲ್ಲಿ ಒಂದೊಂದು ರಾಸಾಯನಿಕವನ್ನೂ ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಮಷೀನ್ ಇಲ್ಲ, ಬರೀ ವಸ್ತು ಹೊಮ್ಮಿಸುವ ಬೆಳಕು ಅಳೆಯುವ ಫ್ಲೋರಿಮೀಟರ್ ಇದೆ, ಪ್ರಾಜೆಕ್ಟ್ ಬದಲಿಸಲಾ ಅಂತ ಕೇಳಿದ್ದೀರಿ. ಎಂ.ಎಸ್ಸಿ. ಮಾಡುವಾಗ ನಾನೂ ಇದೇ ಕೊರಗಿನಲ್ಲಿ ಎರಡು ತಿಂಗಳು ಕಳೆದೆ. ಕೊನೆಗೆ ನನಗೆ ಕೈಕೊಟ್ಟಿದ್ದು ಮಷೀನ್ ಅಲ್ಲ. ಮೀನಿನ ಊಟ.

ನಾನು ತಗೊಂಡದ್ದು ಎರಡು ಕೆರೆ. ಒಂದು ಊರ ನಡುವಿನದು, ರಾಜಕಾಲುವೆ ನೇರವಾಗಿ ಬಂದು ಬೀಳುತ್ತೆ. ಇನ್ನೊಂದು ಊರಾಚೆ, ತಿಳಿನೀರಿನದು. ಊರ ಕೆರೆಗೆ ಬೆಳಗ್ಗೆ ಐದೂವರೆಗೇ ಹೋದೆ. ತೆಪ್ಪದವರು ಬಲೆ ಎಳೆದು ಹತ್ತು ಜಿಲೇಬಿ ಮೀನು ಕೊಟ್ಟರು. ದಡದಲ್ಲೇ ಕೊಯ್ದೆ. ‘ಪಿತ್ತ ಒಡೀಬೇಡ ಕಣೇ, ಸಾರೆಲ್ಲ ಕಹಿಯಾಗುತ್ತೆ’ ಅಂತ ಅಮ್ಮ ಕಲಿಸಿದ ಕೈಚಳಕ ಅವತ್ತು ಕೆಲಸಕ್ಕೆ ಬಂತು. ಸಿಕ್ಕಿದ್ದು ಕೆಲವೇ ಹನಿ, ತೆಳು ಹಳದಿ ಪಿತ್ತ.

ಆಚೆ ಕೆರೆಗೆ ಹೋದದ್ದು ಶನಿವಾರ. ಬಸ್ಸಿನಲ್ಲಿ ಡಬ್ಬ ಹಿಡಕೊಂಡು ವಾಪಸ್ ಬರುವಷ್ಟರಲ್ಲಿ ಸಂಜೆ. ಅಟೆಂಡರ್ ಬೀಗ ಕೈಯಲ್ಲಿ ಹಿಡಿದು ನಿಂತಿದ್ದರು. ಮೀನನ್ನು ತೊಟ್ಟಿಗೆ ಬಿಟ್ಟು ಮನೆಗೆ ಹೋದೆ. ಭಾನುವಾರ ರಜೆ, ಸೋಮವಾರ ಯಾವುದೋ ಹಬ್ಬ. ಮಂಗಳವಾರ ಕೊಯ್ದರೆ ಪಿತ್ತಕೋಶ ಉಬ್ಬಿ ನಿಂತಿದೆ, ಒಳಗೆ ಕಡುಹಸಿರು, ಹೆಚ್ಚುಕಮ್ಮಿ ಕಪ್ಪು. ಇಷ್ಟೊಂದು ಸಿಕ್ಕಿತಲ್ಲ ಅಂತ ಖುಷಿಪಟ್ಟೆ! ಅಲ್ಲೇ ಅನುಮಾನ ಬರಬೇಕಿತ್ತು.

ರೀಡಿಂಗ್ ತಗೊಂಡರೆ ತಿಳಿನೀರಿನ ಮೀನೇ ಜಾಸ್ತಿ ಕೊಳಕು. ಹತ್ತಿರದ ಕಲ್ಲು ಕ್ವಾರಿ, ಡೀಸೆಲ್ ಪಂಪು ಅಂತ ಒಂದು ಕಥೆಯನ್ನೂ ಕಟ್ಟಿದೆ. ನಮ್ಮ ಗೈಡ್ ಮೇಡಂ ಗ್ರಾಫ್ ನೋಡಿ ಕೇಳಿದ್ದು ಒಂದೇ: ‘ಇವು ಕೊನೆಗೆ ಊಟ ಮಾಡಿದ್ದು ಯಾವಾಗ?’

ವಿಷಯ ಇಷ್ಟೇ. ಎಣ್ಣೆ, ಹೊಗೆಮಸಿಯಿಂದ ಬರುವ ಪಿಎಎಚ್ ಮೀನಿನ ಮೈಯಲ್ಲಿ ಹಾಗೇ ಕೂರಲ್ಲ. ಯಕೃತ್ತು ಅದನ್ನು ಮಾರ್ಪಡಿಸಿ, ನೀರಿನಲ್ಲಿ ಕರಗುವ ಹಾಗೆ ಮಾಡಿ ಪಿತ್ತಕ್ಕೆ ತಳ್ಳುತ್ತೆ. ಪೈರೀನ್ ಅನ್ನೋ ಪಿಎಎಚ್ ಆದರೆ 1-ಹೈಡ್ರಾಕ್ಸಿಪೈರೀನ್ ಆಗುತ್ತೆ. ಮಾಂಸದಲ್ಲಿ ಹುಡುಕಿದರೆ ಸಿಗೋದು ಕಮ್ಮಿ ಅನ್ನೋದು ಅದಕ್ಕೇ. ಆದರೆ ಮೀನು ತಿಂದ ತಕ್ಷಣ ಪಿತ್ತ ಕರುಳಿಗೆ ಇಳಿಯುತ್ತೆ. ಉಪವಾಸ ಬಿದ್ದರೆ ಚೀಲದಲ್ಲೇ ಉಳಿದು, ನೀರು ಹೀರಿಹೋಗಿ ಗಟ್ಟಿಯಾಗುತ್ತೆ, ಜೊತೆಗೆ ಈ ವಸ್ತುಗಳೂ. ಅಂದರೆ ನಾನು ಅಳೆದದ್ದು ಮೂರು ದಿನದ ಹಸಿವನ್ನು. ನನ್ನ ನೋಟ್‌ಬುಕ್ಕಿನಲ್ಲಿ ತೂಕ ಇತ್ತು, ಉದ್ದ ಇತ್ತು, ಹೊಟ್ಟೆ ಖಾಲಿಯೋ ತುಂಬಿತ್ತೋ ಅನ್ನೋ ಕಾಲಂ ಇರಲಿಲ್ಲ. ಪಿತ್ತದ ಹಸಿರು ಬಣ್ಣ ಬಿಲಿವರ್ಡಿನ್ ಅನ್ನೋ ವರ್ಣದ್ರವ್ಯದ್ದು. ಅದು ಎಷ್ಟು ಬೆಳಕು ಹೀರುತ್ತೆ ಅಂತ 380 ನ್ಯಾನೋಮೀಟರ್‌ನಲ್ಲಿ ಓದಿಟ್ಟಿದ್ದರೆ ಗಟ್ಟಿತನದ ಲೆಕ್ಕ ಸ್ವಲ್ಪವಾದರೂ ಸರಿ ಮಾಡಬಹುದಿತ್ತು. ಅಷ್ಟರಲ್ಲಿ ಪಿತ್ತ ಪೂರ್ತಿ ಖರ್ಚು. ಮತ್ತೆ ಮೀನು ಹಿಡಿಯೋಣ ಅಂದರೆ ಮಳೆ ಶುರುವಾಗಿ ರಸ್ತೆಯ ಕೊಳೆಯೆಲ್ಲ ಕೆರೆಗೆ. ಒಂದೇ ಕೆರೆಯ ಲೆಕ್ಕದಲ್ಲಿ ಥೀಸಿಸ್ ಮುಗಿಸಿದೆ.

ಹಾಗಾಗಿ ಪ್ರಾಜೆಕ್ಟ್ ಬದಲಿಸಬೇಡಿ, ಕೆರೆ ಬದಲಿಸಿ. ಬೆಳ್ಳಂದೂರು 2017, 2018ರಲ್ಲಿ ಹೊತ್ತಿ ಉರಿದದ್ದು ನಿಜ, ಆದರೆ ಪಿತ್ತ ಹೇಳೋದು ಈಚೆಗಿನ ಕೆಲವು ದಿನಗಳ ಸುದ್ದಿ ಮಾತ್ರ. ಹೆಸರು ನೋಡಿ ಕೆರೆ ಆರಿಸೋದು ಸುಮ್ನೆ. ಒಂದೇ ಜಾತಿಯ, ಒಂದೇ ಗಾತ್ರದ ಮೀನು ಎರಡೂ ಕಡೆ ಸಿಗಬೇಕು, ಅದು ಮುಖ್ಯ. ನಿಮ್ಮ ಫ್ಲೋರಿಮೀಟರ್ ಧಾರಾಳ ಸಾಕು. ಎಥನಾಲ್ ಬೆರೆಸಿದ ನೀರಿನಲ್ಲಿ ಸಾವಿರ ಪಟ್ಟಿಗೂ ಜಾಸ್ತಿ ತೆಳುಮಾಡಿ, ಇಲ್ಲದಿದ್ದರೆ ಪಿತ್ತ ತನ್ನ ಬೆಳಕನ್ನು ತಾನೇ ನುಂಗುತ್ತೆ. ಪೈರೀನ್ ಗುಂಪಿಗೆ 341/383, ನ್ಯಾಫ್ತಲೀನ್ ಗುಂಪಿಗೆ 290/335 ನ್ಯಾನೋಮೀಟರ್ (ಮೊದಲನೆಯದು ಹಾಯಿಸುವ ಬೆಳಕು, ಎರಡನೆಯದು ಹೊರಬರುವ ಬೆಳಕು). ಒಂದೊಂದರ ಹೆಸರು ಸಿಗಲ್ಲ, ಗುಂಪು ಸಿಗುತ್ತೆ. ಎರಡು ಕೆರೆ ಹೋಲಿಸೋಕೆ ಇನ್ನೇನು ಬೇಕು?

ಪಿತ್ತ ತೆಗೆಯೋಕೆ ಲ್ಯಾಬ್ ತನಕ ಬರಲೇಬೇಡಿ. ಸಿರಿಂಜ್, ಬೆಳಕು ಬೀಳದ ಹಾಗೆ ಫಾಯಿಲ್ ಸುತ್ತಿದ ಟ್ಯೂಬು, ಥರ್ಮಾಕೋಲ್ ಡಬ್ಬಿ ತುಂಬ ಐಸ್ ತಗೊಂಡು ಹೋಗಿ, ದಡದಲ್ಲೇ ಕೊಯ್ಯಿರಿ.