ಗಾಣದ ಸಿಪ್ಪೆಯ ಹಲಗೆ ಯಾಕೆ ಪುಡಿಯಾಯಿತು

ಅಣ್ಣಾರೆ, ಮುಧೋಳದ ನಿಮ್ಮ ಗಾಣದ ಕಬ್ಬಿನ ಸಿಪ್ಪೆಗೆ ಸಾ ಮಿಲ್ಲಿನ ಪುಡಿ, ಸಿಮೆಂಟ್ ಕಲಸಿ ದನದ ಕೊಟ್ಟಿಗೆಗೆ ಹಲಗೆ ಹಾಕಿದ್ದೀರಿ. ನಾಲ್ಕು ದಿನವಾದರೂ ಗಟ್ಟಿಯಾಗಲಿಲ್ಲ, ಎತ್ತಿದರೆ ಪುಡಿಯಾಯಿತು, ಸಿಮೆಂಟೇ ಕೆಟ್ಟದ್ದಿರಬೇಕು ಅಂತ ಬರೆದಿದ್ದೀರಿ. ಸಿಮೆಂಟಿನ ತಪ್ಪಲ್ಲ. ಸಿಪ್ಪೆಯಲ್ಲಿ ಉಳಿದ ಸಿಹಿಯೇ ಕಾರಣ. ಜಮಖಂಡಿ ಹತ್ತಿರ ನಮ್ಮ ತೋಟದಲ್ಲೂ ಮೊದಲ ಸಲ ಹೀಗೇ ಆಗಿ ಆರು ಹಲಗೆ ತಿಪ್ಪೆಗೆ ಹೋದವು.

ಗಾಣ ಎಷ್ಟೇ ಹಿಂಡಿದರೂ ಸಿಪ್ಪೆಯಲ್ಲಿ ಕಬ್ಬಿನ ಹಾಲು ಉಳಿದೇ ಉಳಿಯುತ್ತದೆ. 50 ಕೆಜಿ ಸಿಮೆಂಟಿಗೆ 50 ಗ್ರಾಂ ಸಕ್ಕರೆ ಸೇರಿದರೂ ಸಾಕು, ಗಟ್ಟಿಯಾಗೋದು ತಾಸುಗಟ್ಟಲೆ ತಡವಾಗುತ್ತದೆ. ಇನ್ನೂ ಜಾಸ್ತಿಯಾದರೆ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಜಾಲಿ ಕಟ್ಟಿಗೆಯ ಒಗರೂ ಸಿಮೆಂಟಿಗೆ ಆಗಿಬರೋದಿಲ್ಲ. ಪುಡಿ ಯಾವ ಮರದ್ದು ಅಂತ ಮಿಲ್ಲಿನಲ್ಲಿ ಕೇಳಿ ತನ್ನಿ.

ಸಿಪ್ಪೆಯನ್ನು ಮೊದಲು ಒಣಗಿಸಿ, ಬಡಿದು, ಜರಡಿ ಹಿಡಿಯಿರಿ. ಒಳಗಿನ ಬೆಂಡು ಉದುರುತ್ತದೆ. ಸಿಪ್ಪೆಯಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಒಂದು ಪಾಲು ಅದೇ. ಅದಕ್ಕೆ ಬಲವಿಲ್ಲ, ಸುಮ್ನೆ ನೀರು ಕುಡಿಯುತ್ತದೆ, ತಿಪ್ಪೆಗೆ ಹಾಕಿ. ಉಳಿದ ನಾರನ್ನೂ ಮರದ ಪುಡಿಯನ್ನೂ ಬಿಸಿ ನೀರಿನಲ್ಲಿ ನೆನೆಹಾಕಿ. ಮೊದಲ ನೀರು ಚಹಾದ ಬಣ್ಣಕ್ಕೆ ಬರುತ್ತದೆ, ಮುಟ್ಟಿದರೆ ಬೆರಳು ಅಂಟಂಟಾಗುತ್ತದೆ. ಆ ನೀರು ಚೆಲ್ಲಿ, ತಿಳಿಯಾಗುವ ತನಕ ಮೂರ್ನಾಲ್ಕು ಸಲ ತೊಳೆದು ಬಿಸಿಲಿಗೆ ಹರವಿ.

ಸಿಹಿ ಪೂರ್ತಿ ಹೋಯಿತೋ ಇಲ್ಲವೋ ಅಂತ ನೋಡೋಕೆ ಒಂದು ಉಪಾಯ ಇದೆ. ಎರಡು ಡಬ್ಬಿ ತಗೊಳ್ಳಿ. ಎರಡಕ್ಕೂ 200 ಗ್ರಾಂ ಸಿಮೆಂಟ್, 90 ಮಿಲಿ ನೀರು ಹಾಕಿ. ಒಂದಕ್ಕೆ ಮಾತ್ರ 15 ಗ್ರಾಂ ತೊಳೆದ ನಾರು ಸೇರಿಸಿ. ಎರಡನ್ನೂ ಗೋಣಿಚೀಲದಲ್ಲಿ ದಪ್ಪಗೆ ಸುತ್ತಿಡಿ. ಸಿಮೆಂಟ್ ಗಟ್ಟಿಯಾಗುವಾಗ ಬಿಸಿಯಾಗುತ್ತದೆ, ಅಲ್ವಾ? ತಾಸಿಗೊಮ್ಮೆ ಕೈಯಿಟ್ಟು ನೋಡಿ. ಬರೀ ಸಿಮೆಂಟಿನ ಡಬ್ಬಿ ಬೆಚ್ಚಗಾಗಿ ನಾರಿನ ಡಬ್ಬಿ ತಣ್ಣಗೇ ಇದ್ದರೆ ಇನ್ನೂ ತೊಳೆಯಬೇಕು. ಇದನ್ನು ಮಾಡದೆ ಹಲಗೆಗೆ ಸಿಮೆಂಟ್ ಕಲಸಬೇಡಿ.

ಕಲಸುವಾಗ ಒಂದು ಕೆಜಿ ಒಣ ನಾರಿಗೆ ಮೂರು ಕೆಜಿ ಸಿಮೆಂಟ್. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ನೀರು ಸೋರಬಾರದು. ಕೈಗೆ ಗ್ಲೌಸ್ ಹಾಕಿಕೊಳ್ಳಿ, ಸಿಮೆಂಟ್ ಚರ್ಮ ಸುಡುತ್ತದೆ. ಅಚ್ಚಿನ ಮೇಲೆ ಒಂದು ದಿನ ಭಾರ ಹೇರಿ. ಆಮೇಲೆ ಒದ್ದೆ ಗೋಣಿ ಹೊದಿಸಿ ಮೂರ್ನಾಲ್ಕು ವಾರ ಕ್ಯೂರಿಂಗ್ ಮಾಡಿ. ಬೇಗ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಕ್ಲೋರೈಡ್ ಹಾಕುವವರಿದ್ದಾರೆ. ಹಾಕಿದರೆ ಒಳಗೆ ಕಬ್ಬಿಣದ ಜಾಲರಿ ಇಡಬೇಡಿ, ತುಕ್ಕು ತಿನ್ನುತ್ತದೆ.

ಸಿಮೆಂಟಿನ ಬದಲು ಪ್ಲಾಸ್ಟಿಕ್ ಕರಗಿಸಿ ನಾರು ಸೇರಿಸೋಣವೇ ಅಂತ ಇನ್ನೊಬ್ಬರು ಕೇಳಿದ್ದಾರೆ. ಮನೆಯಲ್ಲಿ ಬೇಡವೇ ಬೇಡ. ಚೀಲ, ಡಬ್ಬಿಗಳಿಗೆ ಬಳಸುವ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ ಸುಮಾರು 165 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, 200 ದಾಟಿದರೆ ನಾರು ಸುಟ್ಟು ಕಪ್ಪಾಗುತ್ತದೆ. ಆ ಅಂತರ ಹಿಡಿಯೋಕೆ ಮಷೀನೇ ಬೇಕು. ಹೊಗೆಯೂ ಒಳ್ಳೆಯದಲ್ಲ. ವಿಜಯಪುರ ಕಡೆಯವರು ಹತ್ತಿಕಟ್ಟಿಗೆ ಸುಡುವ ಬದಲು ಮುಂಬೈನ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ, ಅಂದರೆ ಸಿರ್ಕಾಟ್‌ನವರನ್ನು ವಿಚಾರಿಸಿ. ಹತ್ತಿಕಟ್ಟಿಗೆಯಿಂದ ಪಾರ್ಟಿಕಲ್ ಬೋರ್ಡ್, ಅಂದರೆ ಚೂರುಗಳಿಗೆ ಅಂಟು ಸೇರಿಸಿ ಒತ್ತಿದ ಹಲಗೆ, ಮಾಡುವ ವಿಧಾನ ಅವರಲ್ಲಿದೆ.

ಅಣ್ಣಾರೆ, ಕೊಟ್ಟಿಗೆಯಲ್ಲಿ ನೆಲದಿಂದ ಒಂದು ಅಡಿ ಫರಶಿ ಕಲ್ಲು ನಿಲ್ಲಿಸಿ, ಅದರ ಮೇಲೆ ಹಲಗೆ ಕೂಡಿಸಿ. ಗಂಜಲ ಸದಾ ತಾಗಿದರೆ ಎಷ್ಟು ತೊಳೆದು ಮಾಡಿದ ಹಲಗೆಯೂ ಬುಡದಿಂದ ಮೆತ್ತಗಾಗುತ್ತದೆ.