ಕ್ಯಾಟಲಾಗಿನಲ್ಲಿಲ್ಲದ ತುಳು ಕಪಾಟಿನಲ್ಲಿದೆ

ಪ್ರಶ್ನೆ: ನಮ್ಮದು ಮಂಗಳೂರಿನ ಕಾಲೇಜು ಗ್ರಂಥಾಲಯ. ಸಂಗ್ರಹದ ವೈವಿಧ್ಯದ ಬಗ್ಗೆ ವರದಿ ಕೇಳಿದ್ದಾರೆ. ಗ್ರಂಥಾಲಯದ ತಂತ್ರಾಂಶವಾದ ಕೋಹಾದಲ್ಲಿ ಭಾಷಾವಾರು ಎಣಿಸಿದರೆ ತುಳು, ಕೊಡವ ಎರಡೂ ಸೊನ್ನೆ ಬರುತ್ತವೆ. ಹಾಗೆಯೇ ಬರೆಯಬಹುದೇ?

ಉತ್ತರ: ದಯವಿಟ್ಟು ಬರೆಯಬೇಡಿ. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಎಷ್ಟೋ ಸಲ ವರದಿ ಕಳುಹಿಸಿದ ಮೇಲೆ ಕೇಳುತ್ತಾರೆ ಎನ್ನುವುದೇ ನನಗೆ ಬೇಸರ. ಕ್ಯಾಟಲಾಗಿನಲ್ಲಿ ಪ್ರತಿ ಪುಸ್ತಕದ ವಿವರವನ್ನು ಸಂಖ್ಯೆಯಿರುವ ಕ್ಷೇತ್ರಗಳಲ್ಲಿ ಬರೆದಿಡುವ ಮಾದರಿಗೆ ಮಾರ್ಕ್ ಎನ್ನುತ್ತಾರೆ. ಆ ಮಾರ್ಕ್ ದಾಖಲೆಯ 008ನೇ ಕ್ಷೇತ್ರದಲ್ಲಿ, ಸೊನ್ನೆಯಿಂದ ಎಣಿಸಿದರೆ 35ರಿಂದ 37ನೇ ಸ್ಥಾನದವರೆಗೆ, ಭಾಷೆಯ ಮೂರಕ್ಷರದ ಸಂಕೇತ ಇರುತ್ತದೆ. ಆ ಸಂಕೇತಪಟ್ಟಿಯಲ್ಲಿ ಕನ್ನಡ, ಕೊಂಕಣಿ, ಉರ್ದುಗಳಿಗೆ ಸ್ವಂತ ಸಂಕೇತವಿದೆ, ತುಳುವಿಗೂ ಕೊಡವಕ್ಕೂ ಇಲ್ಲ. ಅವನ್ನು ಇತರ ದ್ರಾವಿಡ ಭಾಷೆಗಳೊಂದಿಗೆ ‘ಡಿಆರ್‌ಎ’ ಎಂಬ ಒಂದೇ ಸಂಕೇತದಡಿ ಹಾಕಲಾಗಿದೆ. ಮೊದಲು ಅಲ್ಲಿ ಹುಡುಕಿ. ಅನಂತರ ಕನ್ನಡದಡಿ ಹುಡುಕಿ, ಏಕೆಂದರೆ ತುಳು ಪುಸ್ತಕಗಳು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಅಚ್ಚಾಗುತ್ತವೆ, ಅವಸರದಲ್ಲಿ ನಮೂದಿಸುವವರು ಲಿಪಿಯನ್ನೇ ಭಾಷೆಯೆಂದು ತಿಳಿಯುತ್ತಾರೆ. ಮೂರನೆಯದಾಗಿ ಇಂಗ್ಲಿಷಿನಡಿ ಹುಡುಕಿ: ಕೋಹಾದಲ್ಲಿ 008ರ ಪೂರ್ವನಿಯೋಜಿತ ಭಾಷೆಯನ್ನು ನೀವು ಹೊಂದಿಸದೇ ಬಿಟ್ಟರೆ ಅದು ಇಂಗ್ಲಿಷನ್ನೇ ತುಂಬುತ್ತದೆ.

ಸರಿಪಡಿಸುವುದು ಕಷ್ಟವಲ್ಲ. ಭಾಷೆಗೇ ಮೀಸಲಾದ 041ನೇ ಕ್ಷೇತ್ರದಲ್ಲಿ, ಬೇರೆ ಸಂಕೇತಪಟ್ಟಿ ಬಳಸಿದ್ದೇವೆಂದು ತಿಳಿಸಲು ಎರಡನೇ ಸೂಚಕವನ್ನು 7 ಮಾಡಿ, ‘2’ ಉಪಕ್ಷೇತ್ರದಲ್ಲಿ ಐಎಸ್ಒ 639-3 ಎಂಬ ಅಂತಾರಾಷ್ಟ್ರೀಯ ಭಾಷಾಸಂಕೇತಪಟ್ಟಿಯನ್ನು ಸೂಚಿಸಿದರೆ, ತುಳುವಿಗೆ ‘ಟಿಸಿವೈ’, ಕೊಡವಕ್ಕೆ ‘ಕೆಎಫ್ಎ’ ಎಂದು ದಾಖಲಿಸಬಹುದು. ಅದೇ ಕ್ಷೇತ್ರದ ‘ಎಚ್’ ಉಪಕ್ಷೇತ್ರ ಅನುವಾದದ ಮೂಲಭಾಷೆಯನ್ನು ಹೇಳುತ್ತದೆ; ಅದು ಖಾಲಿಯಿದ್ದರೆ ಮಲಯಾಳದಿಂದ ಬಂದ ಕಾದಂಬರಿಯೂ ಬರಿಯ ಕನ್ನಡ ಪುಸ್ತಕವಾಗಿ ಎಣಿಕೆಯಾಗುತ್ತದೆ. ಇಷ್ಟಾದ ಮೇಲೂ ಕಪಾಟಿನಿಂದ ಯಾದೃಚ್ಛಿಕವಾಗಿ 200 ಪುಸ್ತಕ ತೆಗೆದು, ಪುಟ ತೆರೆದು ದಾಖಲೆಯೊಂದಿಗೆ ಹೋಲಿಸಿ, ಎಷ್ಟು ತಪ್ಪಿವೆಯೆಂದು ವರದಿಯಲ್ಲೇ ಬರೆಯಿರಿ. ಹಾಗೆ ಪರಿಶೀಲಿಸದ ಶೇಕಡಾವಾರು ಲೆಕ್ಕಕ್ಕೆ ನಾನಂತೂ ಸಹಿ ಹಾಕುವುದಿಲ್ಲ. ತುಳು ಪುಸ್ತಕ ಇಲ್ಲವೆಂದು ಒಮ್ಮೆ ಬರೆದರೆ, ಇರುವ ಪುಸ್ತಕವನ್ನೂ ಮುಂದೆ ಯಾರೂ ಕೇಳುವುದಿಲ್ಲ.

ಪ್ರಶ್ನೆ: ಲೇಖಕರ ಹೆಸರಿನಿಂದಲೇ ಲಿಂಗ, ಜಾತಿ ಗುರುತಿಸುವ ತಂತ್ರಾಂಶವಿದೆ ಎನ್ನುತ್ತಾರೆ. ಕೊಳ್ಳಬಹುದೇ?

ಉತ್ತರ: ಬೇಡ. ‘ಭಾರತೀಸುತ’ ಎಂದರೆ ಎಸ್.ಆರ್. ನಾರಾಯಣರಾವ್, ‘ತ್ರಿವೇಣಿ’ ಎಂದರೆ ಅನಸೂಯಾ ಶಂಕರ್. ಕಾವ್ಯನಾಮಗಳೂ ಇನಿಷಿಯಲ್‌ಗಳೂ ತುಂಬಿರುವ ನಮ್ಮ ಸಾಹಿತ್ಯದಲ್ಲಿ ಹೆಸರು ನೋಡಿ ಲಿಂಗ ಹೇಳುವುದು ಊಹೆ, ಜಾತಿ ಹೇಳುವುದು ಅವಮಾನ. ಇಂಥದ್ದನ್ನು ಮಾರುವವರು ಗ್ರಂಥಪಾಲಕರ ಅವಸರವನ್ನು ದುಡಿಸಿಕೊಳ್ಳುತ್ತಿದ್ದಾರೆ. ಲೇಖಕರ ಪ್ರಮಾಣಿತ ಹೆಸರಿನ ದಾಖಲೆಗಳಲ್ಲಿ ಲಿಂಗವನ್ನು ನಮೂದಿಸಬಾರದೆಂದು ಅಮೆರಿಕದ ಸಹಕಾರಿ ಸೂಚೀಕರಣ ಕಾರ್ಯಕ್ರಮದ ಕಾರ್ಯತಂಡವೇ 2022ರಲ್ಲಿ ಶಿಫಾರಸು ಮಾಡಿದೆ. ಲೇಖಕರು ತಾವೇ ಬಹಿರಂಗವಾಗಿ ಹೇಳಿಕೊಂಡದ್ದನ್ನು ಮಾತ್ರ, ಅದರ ಆಧಾರದೊಂದಿಗೆ, ಅಧ್ಯಯನದ ಪ್ರತ್ಯೇಕ ಪಟ್ಟಿಯಲ್ಲಿ ಬರೆದುಕೊಳ್ಳಿ.

ಪ್ರಶ್ನೆ: ಶೀರ್ಷಿಕೆಗಳನ್ನು ಎಣಿಸಬೇಕೋ, ಪ್ರತಿಗಳನ್ನೋ?

ಉತ್ತರ: ಶೀರ್ಷಿಕೆಗಳನ್ನು, ಒಂದೇ ಪಠ್ಯಪುಸ್ತಕದ 50 ಪ್ರತಿಗಳು ವೈವಿಧ್ಯವಲ್ಲ.